ಈಟಿವಿ ಕನ್ನಡ ಬಂದ್ ಆಗಿಲ್ರಿ

'ಈಟಿವಿ ಕನ್ನಡ ಯಾವಾಗ ಬಂದ್ ಆತು, ಕಲರ್ಸ್‌ಗೆ ಬ್ಯಾರೆ ರೊಕ್ಕ ಯಾಕ' ಅಂತ ಕೇಳೀರಿ. ಬಂದ್ ಆಗೇ ಇಲ್ರಿ, ಎರಡೂ ಒಂದ.

2000ದ ಡಿಸೆಂಬರ್‌ದಾಗ ರಾಮೋಜಿ ರಾವ್ ಅವರ ಈನಾಡು ಬಳಗ ಶುರು ಮಾಡಿದ ಚಾನೆಲ್ ಅದು. ಮುಂದ ಟಿವಿ18 ಕೈಗೆ ಹೋತು, 2015ರ ಏಪ್ರಿಲ್‌ನಾಗ ಹೆಸರು ಕಲರ್ಸ್ ಕನ್ನಡ ಆತು. ಬಿಗ್‌ಬಾಸ್ ನೆನಪ ಮಾಡ್ಕೋರಿ: ಮೊದಲ ಸೀಸನ್ 2013ರಾಗ ಈಟಿವಿ ಕನ್ನಡದಾಗ, ಎರಡನೇದು ಸುವರ್ಣದಾಗ, ಮೂರನೇದು ಕಲರ್ಸ್‌ನಾಗ. ಅಂದ್ರ ತಿರುಗಿ ಅದ ಮನಿಗೆ ಬಂತು, ಬಾಗಿಲದ ಮ್ಯಾಲಿನ ಬೋರ್ಡ್ ಅಷ್ಟ ಬ್ಯಾರೆ! ಇಲ್ಲಿ ವಿಜಯಪುರದಾಗ ನಮ್ಮವ್ವ ಇವತ್ತಿಗೂ 'ಈಟಿವಿ ಹಚ್ಚೋ' ಅಂತಾಳ.

ಇನ್ನ ರೊಕ್ಕದ ಮಾತು. ಮೊದಲ ಕೇಬಲ್‌ನವಗ ತಿಂಗಳಿಗೊಮ್ಮೆ ಒಂದ ಮೊತ್ತ ಕೊಟ್ರ ಆತು. ಚಾನೆಲ್‌ನವರ ಪಾಲು ಅದರಾಗ ಸೇರಿರ್ತಿತ್ತು, ನಮಗ ಕಾಣ್ತಿದ್ದಿಲ್ಲ. 2019ರ ಫೆಬ್ರುವರಿಯಿಂದ ಟ್ರಾಯ್ (ಟಿವಿ, ಫೋನ್ ಸೇವಾ ನಿಯಂತ್ರಿಸೋ ಕೇಂದ್ರದ ಪ್ರಾಧಿಕಾರ) ನಿಯಮ ಬಂದು, ಕಲರ್ಸ್‌ನಂಥ ಪ್ರತಿ ಪೇ ಚಾನೆಲ್, ಅಂದ್ರ ರೊಕ್ಕ ಕೊಟ್ಟು ನೋಡೋ ಚಾನೆಲ್, ತನ್ನ ಬೆಲಿ ಬಿಡಿಸಿ ಹೇಳಬೇಕಾತು. ಆಗ ಮೊದಲ 100 ಚಾನೆಲ್‌ಗೆ ಹೆಚ್ಚಂದ್ರ 130 ರೂಪಾಯಿ ಮತ್ತ ತೆರಿಗಿ ಇತ್ತು, ಪೇ ಚಾನೆಲ್ ರೊಕ್ಕ ಅದರ ಮ್ಯಾಲ. ಪಾರದರ್ಶಕ ಅಂದ್ರು ಖರೆ, ನಮ್ಮ ಬಿಲ್ ಏನ್ ಇಳೀಲಿಲ್ಲ ಬಿಡ್ರಿ.