ಭವಿಷ್ಯ ಕೇಳುವುದಕ್ಕಲ್ಲದೆ, ನನ್ನನ್ನು ನಾನು ನೋಡಿಕೊಳ್ಳಲು ಟ್ಯಾರೋ ಕಾರ್ಡ್ ಬಳಸಬಹುದೇ?

ನೀವು ಶಿರಸಿಯವರು, ಕಾರ್ಡಿನ ಕಟ್ಟು ತರಿಸಿ ಎರಡು ವಾರವಾಯಿತು, ಅದನ್ನು ನೋಡಿದ ಅಮ್ಮ "ಇದು ಮಾಟದ ವಸ್ತು, ದೇವರು ಇರುವ ಮನೆಯಲ್ಲಿ ಬೇಡ" ಅಂದರು ಎಂದು ಬರೆದಿದ್ದೀರಿ. ಆಧ್ಯಾತ್ಮಿಕವಾಗಿ ಬೆಳೆಯಲು ಇದರಿಂದ ಉಪಯೋಗ ಉಂಟಾ, ಶುರು ಮಾಡುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಉಪಯೋಗ ಉಂಟು. ನಾನೂ ಶಿರಸಿ ಕಡೆಯ ಹಳ್ಳಿಯವಳೇ, ಮದುವೆಯಾಗಿ ಕಾರವಾರ ಸೇರಿದವಳು. ಆರು ವರ್ಷದಿಂದ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಒಂದು ಕಾರ್ಡ್ ತೆಗೆದು ನೋಡುತ್ತೇನೆ.

ಮೊದಲು ಅಮ್ಮನ ಹೆದರಿಕೆ. ಟ್ಯಾರೋ ಹುಟ್ಟಿದ್ದು ಇಸ್ಪೀಟಿನ ಹಾಗೆ ಆಡುವ ಆಟವಾಗಿ, 15ನೇ ಶತಮಾನದ ಉತ್ತರ ಇಟಲಿಯಲ್ಲಿ. ಮಿಲಾನಿನ ಅರಸು ಮನೆತನಕ್ಕಾಗಿ ಕೈಯಲ್ಲಿ ಬರೆದು ಚಿನ್ನದ ರೇಕು ಹಚ್ಚಿದ ಎಲೆಗಳು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ. ಅದು ಈಜಿಪ್ಟಿನ ಪ್ರಾಚೀನ ಜ್ಞಾನದ ಪುಸ್ತಕ ಎಂದು ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಲೇಖಕ ಬರೆದದ್ದು 1781ರಲ್ಲಿ. ಆ ಮಾತಿಗೆ ಆಧಾರ ಇರಲಿಲ್ಲ, ಆದರೂ ಎಲೆ ನೋಡಿ ಭವಿಷ್ಯ ಹೇಳುವ ಹುಚ್ಚು ಅದಾದ ಮೇಲೆ ಜೋರಾಗಿ ಹಬ್ಬಿತು. ನಿಮ್ಮ ವಿವರಣೆ ನೋಡಿದರೆ ನಿಮ್ಮ ಕೈಯಲ್ಲಿರುವುದು ರೈಡರ್-ವೇಟ್ ಕಟ್ಟು. ಅದು ಮೊದಲ ಸಲ ಅಚ್ಚಾದದ್ದು 1909ರಲ್ಲಿ, ಲಂಡನ್ನಿನಲ್ಲಿ. ಯೋಜನೆ ಎ. ಇ. ವೇಟ್ ಎಂಬ ಲೇಖಕರದು, 78 ಎಲೆಗಳ ಚಿತ್ರವನ್ನೂ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ದೊಡ್ಡ ಎಲೆಗಳು 22, ಉಳಿದ 56 ಸಣ್ಣವು: ಕೋಲು, ಬಟ್ಟಲು, ಕತ್ತಿ, ನಾಣ್ಯ. ಅದಕ್ಕಿಂತ ಮೊದಲಿನ ಹೆಚ್ಚಿನ ಕಟ್ಟುಗಳಲ್ಲಿ ಸಣ್ಣ ಎಲೆ ಎಂದರೆ ಬರೀ ಐದು ಬಟ್ಟಲು, ಎಂಟು ಕತ್ತಿಯ ಗುರುತು. ಪಮೇಲಾ ಹೆಚ್ಚುಕಡಿಮೆ ಎಲ್ಲದರಲ್ಲೂ ಮನುಷ್ಯರನ್ನು ತಂದರು, ಅವರ ನಿಲುವು, ಮುಖ, ಅವರ ಹಿಂದಿನ ಹೊಳೆ ಗುಡ್ಡ ಎಲ್ಲವನ್ನೂ. ನಮ್ಮಂಥವರಿಗೆ ಈ ಕಟ್ಟು ಕೈಹಿಡಿಯುವುದು ಅದರಿಂದಲೇ.

ನಿಮ್ಮ ಊರಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿಯೇ ಇರುತ್ತೀರಿ. ನನ್ನ ಅಪ್ಪ ಅದರಲ್ಲಿ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಹವ್ಯಾಸಿ ಅರ್ಥಧಾರಿಯಾಗಿದ್ದ. ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು, ಅದು ಬದಲಾಗುವುದಿಲ್ಲ. ಆದರೆ ಅದೇ ಕರ್ಣನ ಪದ್ಯಕ್ಕೆ ಅಪ್ಪ ನನ್ನ ಬಾಲ್ಯದಲ್ಲಿ ಹೇಳುತ್ತಿದ್ದ ಅರ್ಥವೇ ಬೇರೆ, ಅವನ ತಮ್ಮ ಮನೆಯಿಂದ ಪಾಲಾಗಿ ಹೋದ ವರ್ಷ ಹೇಳಿದ ಅರ್ಥವೇ ಬೇರೆ. ಕಾರ್ಡನ್ನು ನಾನು ಹಾಗೆ ನೋಡುತ್ತೇನೆ. ಎಲೆ ಪದ್ಯ, ಅರ್ಥ ಹೇಳಬೇಕಾದವರು ನೀವು. ಹೇಳಿದ ಅರ್ಥದಲ್ಲಿ ನಿಮ್ಮ ಒಳಗಿನದು ಹೊರಗೆ ಬರುತ್ತದೆ. ನಾಳೆ ಏನಾಗುತ್ತದೆ ಎಂಬುದು ಆ ಕಾಗದಕ್ಕೆ ಗೊತ್ತಿಲ್ಲ.

ಅಪ್ಪ ತೀರಿಕೊಂಡ ವರ್ಷದ ಮಳೆಗಾಲ. ಮೀನುಗಾರಿಕೆ ನಿಷೇಧದ ತಿಂಗಳು, ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ದಡ ಹಿಡಿದಿದ್ದವು, ಊರೇ ಮಂಕು. ಒಂದೇ ವಾರದಲ್ಲಿ ನನಗೆ ಬಟ್ಟಲು ಐದು ಎರಡು ಸಲ ಬಂತು. ನಿಮ್ಮ ಕಟ್ಟಿನಲ್ಲಿ ತೆಗೆದು ನೋಡಿ: ಕಪ್ಪು ನಿಲುವಂಗಿ ಹೊದ್ದವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ, ಅವನೆದುರು ಮೂರು ಬಟ್ಟಲು ಮಗುಚಿ ಬಿದ್ದು ಒಳಗಿನದೆಲ್ಲ ಚೆಲ್ಲಿದೆ. ನಾನು ನೋಟ್‌ಬುಕ್ಕಿನಲ್ಲಿ ಚೆಲ್ಲಿದ್ದನ್ನೇ ಬರೆದೆ. ಕೊನೆಯ ಭಾನುವಾರ ಊರಿಗೆ ಹೋಗಲಿಲ್ಲ. ಅಪ್ಪ ಫೋನ್ ಮಾಡಿದಾಗ ಎತ್ತಲಿಲ್ಲ. ಅವನ ಅರ್ಥ ಒಂದನ್ನೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಎರಡನೇ ಸಲವೂ ಇದನ್ನೇ, ಇನ್ನಷ್ಟು ಒತ್ತಿ ಬರೆದೆ.

ಅತ್ತೆ ಪಕ್ಕದಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಟ್ಯಾರೋ ಎಂಬ ಹೆಸರೂ ಅವರಿಗೆ ಗೊತ್ತಿಲ್ಲ. ಕನ್ನಡಕ ಏರಿಸಿ ಎಲೆ ನೋಡಿ, "ಹಿಂದೆ ಎರಡು ಚೊಂಬು ಹಾಂಗೇ ಇದ್ದಲೇ, ಇವಂಗೆ ಕಾಣ್ತಿಲ್ಯ?" ಅಂದರು. ಹೌದು, ಅವನ ಬೆನ್ನ ಹಿಂದೆ ಎರಡು ಬಟ್ಟಲು ನೆಟ್ಟಗೆ ನಿಂತಿವೆ. ಹೊಳೆಗೊಂದು ಸೇತುವೆಯೂ ಇದೆ. ಅಷ್ಟು ಸಲ ನೋಡಿದ ಎಲೆ, ನನಗೆ ಅದು ಕಂಡಿರಲಿಲ್ಲ.

ಆಮೇಲೆ ಹೊಳೆಯಿತು, ಅಪ್ಪ ಹೋದ ದುಃಖದಲ್ಲಿ ಆಯಿಯನ್ನು, ಅಂದರೆ ನನ್ನ ಅಮ್ಮನನ್ನು, ನಾನು ಸರಿಯಾಗಿ ಮಾತಾಡಿಸಿರಲೇ ಇಲ್ಲ. ಮುಂದಿನ ಭಾನುವಾರ ದೇವಿಮನೆ ಘಾಟಿ ಹತ್ತಿ ಊರಿಗೆ ಹೋದೆ. ನಲವತ್ತು ವರ್ಷ ಅಡುಗೆಮನೆಯಿಂದಲೇ ಅಪ್ಪನ ತಾಲೀಮು ಕೇಳಿದ ಆಯಿಗೆ ಅವನ ಅರ್ಥ ಅರ್ಧಕ್ಕರ್ಧ ಬಾಯಿಗೆ ಬರುತ್ತಿತ್ತು. ಕರ್ಣನ ಮಾತನ್ನು ಅವಳು ಅಪ್ಪನದೇ ರಾಗದಲ್ಲಿ ಹೇಳಿದಳು. ಈ ಸಲ ರೆಕಾರ್ಡ್ ಮಾಡಿಕೊಂಡೆ. ಕಾರ್ಡು ಪವಾಡ ಮಾಡಿತು ಎಂದು ನಾನು ಹೇಳುತ್ತಿಲ್ಲ. ಎದುರಿಗೆ ಒಂದು ಚಿತ್ರ ಇದ್ದದ್ದರಿಂದ ನನ್ನ ನೋಟ ಎಲ್ಲಿ ಕಟ್ಟಿಬಿದ್ದಿದೆ ಎಂದು ತಿಳಿಯಿತು.

ನೀವು ಶುರು ಮಾಡುವಾಗ ಹತ್ತು ಎಲೆಯ ದೊಡ್ಡ ಹರವುಗಳಿಗೆ ಹೋಗಬೇಡಿ. ದಿನಕ್ಕೊಂದು ಎಲೆ ಸಾಕು. ಜೊತೆಗೆ ಬಂದ ಅರ್ಥದ ಪುಸ್ತಕವನ್ನು ತೆರೆಯುವ ಮೊದಲು ಐದು ನಿಮಿಷ ಚಿತ್ರ ನೋಡಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು, ಯಾವುದನ್ನು ನೋಡಲು ಮನಸ್ಸಾಗಲಿಲ್ಲ ಎಂದು ತಾರೀಕು ಹಾಕಿ ಬರೆಯಿರಿ. ಈ ಎರಡನೆಯದು ಬಹಳ ಮುಖ್ಯ. ಚಿತ್ರಗಳು ಪರದೇಶದವು ಎಂಬ ಸಂಕೋಚ ಬೇಡ. ಹಿಮದ ತುದಿಯಲ್ಲಿ ಲಾಟೀನು ಹಿಡಿದ ಮುದುಕ, ಹರ್ಮಿಟ್, ನನಗೆ ಒಣಗರಿಯ ಪಂಜು, ಸೂಡಿ, ಹೊತ್ತಿಸಿಕೊಂಡು ತೋಟದಿಂದ ಬರುತ್ತಿದ್ದ ಅಜ್ಜನೇ. ತಿಂಗಳಿಗೊಮ್ಮೆ ಹಿಂದಿನ ಪುಟ ಓದಿ. ಕತ್ತಿಯ ಎಲೆ ಬಂದಾಗಲೆಲ್ಲ ನಾನು ಬೇರೆಯವರನ್ನೇ ದೂರಿದ್ದು ನನಗೆ ಹಾಗೆ ಗೊತ್ತಾದದ್ದು. ಒಂದು ವರ್ಷದ ಪುಟಗಳಲ್ಲಿ ಒಂದೇ ಒಂದು ಕಡೆಯೂ ಕತ್ತಿ ನನ್ನ ಕೈಯಲ್ಲಿರಲಿಲ್ಲ. ಅದನ್ನು ಓದಿದ ಸಂಜೆ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಕೇಳಿದ ಬೆಳವಣಿಗೆ ಎಂದರೆ ನನ್ನ ಮಟ್ಟಿಗೆ ಆ ಸಂಜೆಯಂಥದ್ದು.

ಪ್ರಶ್ನೆ ಕೇಳುವ ರೀತಿಯೂ ಬದಲಾಗಬೇಕು. "ಕೆಲಸ ಸಿಗುತ್ತದಾ" ಎಂದಲ್ಲ, "ಕೆಲಸ ಸಿಗದ ಈ ದಿನಗಳಲ್ಲಿ ಮನೆಯವರ ಮೇಲೆ ನಾನು ಯಾಕೆ ಸಿಡುಕುತ್ತಿದ್ದೇನೆ" ಎಂದು. ಮತ್ತೆ, ಬೇಡವಾದ ಎಲೆ ಬಂತೆಂದು ಅದೇ ಪ್ರಶ್ನೆಗೆ ಇನ್ನೊಂದು ತೆಗೆಯಬೇಡಿ. ದೇವಸ್ಥಾನದಲ್ಲಿ ಪ್ರಸಾದ ಕೇಳಿದವರು, ಅಂದರೆ ದೇವರ ಮೇಲಿನ ಹೂವು ಯಾವ ಕಡೆ ಬೀಳುತ್ತದೆ ಎಂದು ನೋಡಿ ಉತ್ತರ ತಿಳಿಯುವವರು, ಹೂವು ಬಲಕ್ಕೆ ಬೀಳುವ ತನಕ ಮತ್ತೆ ಮತ್ತೆ ಕೇಳುತ್ತ ಕೂರುವುದಿಲ್ಲವಲ್ಲ. ಅಂದಹಾಗೆ, ಎರಡನ್ನೂ ಬೆರೆಸಬೇಡಿ ಎಂದು ನನ್ನ ಕಳಕಳಿಯ ಮಾತು. ಪ್ರಸಾದ ದೇವರ ಹತ್ತಿರ ಕೇಳುವುದು, ಕಾರ್ಡಿನಲ್ಲಿ ಕೇಳಿಕೊಳ್ಳುವುದು ನಮ್ಮನ್ನೇ.

ದುಡ್ಡು ಕೊಟ್ಟು ಬೇರೆಯವರಿಂದ ಓದಿಸಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಆ ದುಃಖದ ದಿನಗಳಲ್ಲೇ ನಾನು ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಓದಿಸಿದ್ದೆ. 13ನೇ ಎಲೆ, ಡೆತ್, ಬಂದದ್ದೇ ತಡ, ಮನೆಯಲ್ಲಿ ಇನ್ನೊಂದು ಸಾವು ಇದೆ, ಪರಿಹಾರಕ್ಕೆ ಹನ್ನೊಂದು ಸಾವಿರ ಎಂದರು. ಕೊಡಲಿಲ್ಲ, ಆದರೆ ಎಷ್ಟೋ ರಾತ್ರಿ ನಿದ್ದೆ ಇಲ್ಲ. ಆ ಎಲೆಯಲ್ಲಿ ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ ಇರುವುದು ನಿಜ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ಒಂದು ಕಾಲ ಮುಗಿದು ಇನ್ನೊಂದಕ್ಕೆ ದಾಟುವುದು ಎಂದೇ ಅದನ್ನು ಬಲ್ಲವರು ಓದುವುದು. ಹೆದರಿಸಿ ದುಡ್ಡು ಕೇಳಿದವರಿಂದ ಅಲ್ಲಿಗೇ ಎದ್ದುಬನ್ನಿ. ಮನಸ್ಸು ತೀರಾ ಭಾರವಾಗಿ ಊಟ ನಿದ್ದೆ ತಪ್ಪಿದರೆ ಕಟ್ಟನ್ನು ಮುಚ್ಚಿಟ್ಟು ವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಇನ್ನೊಂದು, ನಮ್ಮ ಕಡೆಯ ಮಳೆಗೆ ಎಲೆಗಳು ಉಬ್ಬಿ ಒಂದಕ್ಕೊಂದು ಅಂಟುತ್ತವೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡನ್ನು ಹಾಕಿ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಮುಚ್ಚುಮರೆ ಮಾಡಿ ಕಪಾಟಿನ ಹಿಂದೆ ಮಾತ್ರ ಇಡಬೇಡಿ, ಅಮ್ಮನ ಹೆದರಿಕೆ ಅದರಿಂದ ಹೆಚ್ಚುತ್ತದೆ. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಬಟ್ಟಲು ಐದನ್ನು ಕೈಗೆ ಕೊಡಿ, ಏನು ಕಾಣುತ್ತದೆ ಎಂದು ಕೇಳಿ. ಅವರು ಹೇಳಿದ್ದನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.