ಸಾಫ್ಟ್‌ಬಾಲಲ್ಲಿ ಎಡಗೈ ಸ್ಲ್ಯಾಪರ್ (ಓಡ್ತಾ ಓಡ್ತಾನೇ ಬಾಲ್ ತಟ್ಟಿ ಫಸ್ಟ್ ಬೇಸ್‌ಗೆ ನುಗ್ಗೋ ಬ್ಯಾಟರ್) ಬಂದ್ರೆ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕಿಗೆ ಔಟ್) ಮಾಡೋಕೆ ಯಾವ ಪಿಚ್ ಹಾಕ್ಬೇಕು?

ಹೊರಗೆ (ಬ್ಯಾಟರ್‌ನಿಂದ ದೂರ) ಕೆಳಗೆ ಡ್ರಾಪ್ (ಪ್ಲೇಟ್ ಹತ್ರ ಬರ್ತಾ ಕೆಳಗೆ ಬೀಳೋ ಬಾಲ್) ಹಾಕಿದ್ರೂ ಮುಟ್ಟಿ ಓಡ್ತಾರೆ ಅಂತ ಈ ಪ್ರಶ್ನೆ ಜೊತೆ ಬರ್ದಿದೀರಲ್ಲ, ಓದಿ ನಗು ಬಂತು. ಡಿಗ್ರಿ ಓದೋವಾಗ ನಾನೂ ಅದನ್ನೇ ಹಾಕ್ತಿದ್ದೆ.

ಯೂನಿವರ್ಸಿಟಿ ಟೀಮಲ್ಲಿ ನಾನು ಬಲಗೈ ಪಿಚರ್, ನನ್ ಹತ್ರ ಇದ್ದಿದ್ದು ಒಂದೇ ಒಳ್ಳೆ ಪಿಚ್, ಡ್ರಾಪ್. ಬಲಗೈ ಬ್ಯಾಟರ್‌ಗಳು ಅದನ್ನ ನೆಲಕ್ಕೆ ಕುಟ್ಟೋರು, ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲೋ ಶಾರ್ಟ್‌ಸ್ಟಾಪ್ ಆರಾಮಾಗಿ ಎತ್ತಿ ಫಸ್ಟ್‌ಗೆ ಎಸೆಯೋಳು, ಔಟ್. ಆಮೇಲೆ ಇಂಟರ್ ಯೂನಿವರ್ಸಿಟಿಲಿ ಕೇರಳದ ಒಂದು ಟೀಮ್ ಸಿಕ್ತು. ಅವರ ಮೊದಲನೇ ಬ್ಯಾಟರ್ ಸಣ್ಣಗಿದ್ಲು, ಎಡಗೈ ಬಾಕ್ಸಲ್ಲಿ (ಬ್ಯಾಟರ್ ನಿಲ್ಲೋಕೆ ಗೆರೆ ಹಾಕಿರೋ ಜಾಗ) ಸ್ವಲ್ಪ ಹಿಂದೆ ನಿಂತು ಬ್ಯಾಟ್‌ನ ಮೇಲಕ್ಕೆ ಹಿಡ್ಕೊಂಡಿದ್ಲು. ನನ್ನ ಕೈಯಿಂದ ಬಾಲ್ ಬಿಡ್ತಿದ್ದಂಗೇ ಎಡಗಾಲು ಬಲಗಾಲಿನ ಮುಂದೆ ದಾಟಿಸಿ ಓಟ ಶುರು, ಓಡ್ತಾನೇ ಬಾಲ್ ನೆತ್ತಿ ಮೇಲೆ ಒಂದು ಏಟು. ಗ್ರೌಂಡ್ ಬೇರೆ ಗಟ್ಟಿ ಕೆಮ್ಮಣ್ಣು, ಬೆಳಿಗ್ಗೆ ನೀರೂ ಹಾಕಿರ್ಲಿಲ್ಲ, ಬಾಲ್ ಬಂಟ್ (ಮೆಲ್ಲಗೆ ತಟ್ಟಿ ಬಿಡೋ ಹೊಡೆತ) ಅಂತ ಮುಂದೆ ಬಂದಿದ್ದ ಥರ್ಡ್ ಬೇಸ್ ಹುಡುಗಿ ತಲೆ ಮೇಲಿಂದ ಪುಟಿದು ಹೋಯ್ತು, ಶಾರ್ಟ್‌ಸ್ಟಾಪ್ ಕೈಗೆ ಸಿಗೋ ಹೊತ್ತಿಗೆ ಅವ್ಳು ಫಸ್ಟ್ ಬೇಸ್ ತುಳಿದಾಗಿತ್ತು. ಬೇಸ್ ಇರೋದೇ 60 ಅಡಿ, ಓಡ್ತಾ ಓಡ್ತಾ ಹೊಡೆಯೋ ಒಳ್ಳೆ ಸ್ಲ್ಯಾಪರ್ 3 ಸೆಕೆಂಡ್ ಒಳಗೇ ಮುಟ್ತಾಳೆ, ಅಷ್ಟರಲ್ಲಿ ಎತ್ಬೇಕು, ತಿರುಗ್ಬೇಕು, ಎಸೀಬೇಕು. ಮುಂದಿನ ಪಿಚ್‌ಗೇ ಓಡಿ ಸೆಕೆಂಡ್ ಬೇಸ್ ಸ್ಟೀಲ್ (ಹಿಟ್ ಇಲ್ದೇನೇ ಕದ್ದು ಸೇರೋದು).

ಇಲ್ಲಿ ನಾನು ಮಾಡಿದ್ದೇನು ಅಂದ್ರೆ, ಡ್ರಾಪ್ ಸಾಕಷ್ಟು ಕೆಳಗೆ ಬೀಳ್ತಿಲ್ಲ ಅಂದ್ಕೊಂಡು ಇನ್ನೂ ಕೆಳಗೆ, ಇನ್ನೂ ಹೊರಗೆ ಹಾಕ್ದೆ. ಅವ್ಳು ಮತ್ತೆ ಬಂದಾಗ್ಲೂ ಅದೇ. ಈಗ ಯೋಚನೆ ಮಾಡಿ. ಅವ್ಳು ಪಿಚರ್ ಕಡೆಗೇ ಓಡಿ ಬರ್ತಿರ್ತಾಳೆ, ಕೈ ಮುಂದೆ, ಬ್ಯಾಟ್ ತುದಿ ಹಿಂದೆ. ಆ ಬ್ಯಾಟ್ ಮುಖ ಮಾಡಿರೋದೇ ಥರ್ಡ್ ಮತ್ತೆ ಶಾರ್ಟ್ ಕಡೆಗೆ. ಹೊರಗಿನ ಬಾಲ್ ತಾನಾಗೇ ಬಂದು ಅದಕ್ಕೆ ತಗಲತ್ತೆ, ಕೆಳಗಿನ ಬಾಲ್ ತಾನಾಗೇ ನೆಲಕ್ಕೆ ಹೋಗತ್ತೆ, ಅಲ್ಲಿಂದ ಫಸ್ಟ್‌ಗೆ ಎಸೆಯೋ ದೂರ ಬೇರೆ ಎಲ್ಲಕ್ಕಿಂತ ಜಾಸ್ತಿ. ಅಂದ್ರೆ ಅವ್ಳಿಗೆ ಬೇಕಾಗಿದ್ದ ಮೂರನ್ನೂ ನಾನೇ ತಟ್ಟೆಲಿಟ್ಟು ಕೊಡ್ತಿದ್ದೆ. ಬಲಗೈಯೋರಿಗೆ ಔಟ್ ತರೋ ಗ್ರೌಂಡರ್, ಸ್ಲ್ಯಾಪರ್‌ಗೆ ಹಿಟ್. ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಡಗ್ ಔಟಿಂದ "ಮೇಲೆ ಹಾಕು, ಮೇಲೆ" ಅಂತ ಕೂಗ್ತಿದ್ರು, ಮೇಲೆ ಹಾಕಿದ್ರೆ ಹೋಮ್ ರನ್ ಹೋಗತ್ತೆ ಅಂತ ನನಗೆ ಭಯ. ಓಡ್ತಾ ಹೊಡೆಯೋಳು ಎಲ್ಲಿಂದ ಹೋಮ್ ರನ್ ಹೊಡೀತಾಳ್ರೀ! ಆ ಮ್ಯಾಚ್ ಸೋತ್ವಿ, ಅವರ ರನ್ನಲ್ಲಿ ಮುಕ್ಕಾಲು ಭಾಗ ಅವ್ಳ ಕಾಲಿಂದ ಬಂದಿದ್ದು.

ಅದಕ್ಕೇ ಸ್ಟ್ರೈಕ್ ಔಟ್ ಮಾಡೋ ಆಸೆ ಮೊದ್ಲು ಬಿಡಿ. ಸ್ಲ್ಯಾಪರ್ ಬರೋದೇ ಬಾಲ್ ಮುಟ್ಟೋಕೆ, ಮುಟ್ಟೇ ಮುಟ್ತಾಳೆ. ಎಲ್ಲಿಗೆ ಹೊಡೀಬೇಕು ಅನ್ನೋದನ್ನ ಮಾತ್ರ ನೀವು ತೀರ್ಮಾನ ಮಾಡಿ. ಒಳಗೆ, ಎದೆ ಮಟ್ಟಕ್ಕೆ, ಕೈ ಹತ್ರ. ಅಲ್ಲಿ ಅವ್ಳಿಗೆ ಬ್ಯಾಟ್ ತಿರುಗಿಸೋಕೆ ಜಾಗ ಇಲ್ಲ, ಬಾಲ್ ಕೆಳಗೆ ಬ್ಯಾಟ್ ಹೋದ್ರೆ ಪಾಪ್ ಅಪ್ (ಮೇಲಕ್ಕೆ ಹಾರೋ ಸುಲಭ ಕ್ಯಾಚ್), ಇಲ್ಲಾಂದ್ರೆ ನಿಮ್ಮ ಕೈಗೋ ಫಸ್ಟ್, ಸೆಕೆಂಡ್ ಕಡೆಗೋ ಬರತ್ತೆ. ರೈಸ್ ಬಾಲ್ (ಮೇಲಕ್ಕೆ ಏರ್ತಾ ಬಂದಂಗೆ ಕಾಣೋ ಪಿಚ್) ಬರಲ್ಲ ಅಂತ ಕೊರಗ್ಬೇಡಿ, ನಮ್ಮಲ್ಲಿ ಎಷ್ಟು ಜನಕ್ಕೆ ನಿಜವಾದ ರೈಸ್ ಬರತ್ತೆ? ಜೋರಾದ ಫಾಸ್ಟ್ ಬಾಲ್ ಮೇಲಿಟ್ರೂ ಸಾಕು. ನೀವು ಬಲಗೈ ಆಗಿದ್ರೆ ಕರ್ವ್ ಕೂಡ ಎಡಗೈ ಬ್ಯಾಟರ್ ಮೈ ಕಡೆಗೇ ತಿರುಗತ್ತೆ, ಧಾರಾಳವಾಗಿ ಹಾಕಿ. ಸ್ಕ್ರೂ ಬಾಲ್ ಅವ್ಳಿಂದ ಹೊರಗೆ ಹೋಗತ್ತೆ, ನಾನಂತೂ ಹಾಕಲ್ಲ.

ಚೇಂಜ್ ಅಪ್ (ಫಾಸ್ಟ್ ಬಾಲ್ ಥರಾನೇ ಕೈ ಬೀಸಿ ನಿಧಾನವಾಗಿ ಬಿಡೋ ಪಿಚ್) ಬಗ್ಗೆ ಕೆಲವರು ಬೇಡ ಅಂತಾರೆ, ನಾನು ಒಪ್ಪಲ್ಲ. ಬೇಗ ಕಾಲು ಕೀಳೋಳಿಗೆ ಅದೇ ಮದ್ದು, ಬಾಲ್ ಬರೋದ್ರೊಳಗೆ ಬಾಕ್ಸಿನ ತುದಿಗೆ ಬಂದಿರ್ತಾಳೆ. ಆದ್ರೆ ಮೊಣಕಾಲಿಂದ ಮೇಲೆ ಬಂದ್ರೆ ಹೋಯ್ತು. ಮತ್ತೆ, ನಿಂತು ಪೂರ್ತಿ ಸ್ವಿಂಗ್ ಮಾಡೋದೂ ಬರೋಳಾದ್ರೆ ನೋಡ್ಕೊಂಡು ಹಾಕಿ. ಕಾಲು ಓದೋದು ಕಲೀಬೇಕಾದ್ರೆ ಅಮೆರಿಕಾದ ನತಾಶಾ ವಾಟ್ಲಿ ವಿಡಿಯೋ ನೋಡಿ, 2004ರ ಅಥೆನ್ಸ್ ಚಿನ್ನ ಗೆದ್ದ ಟೀಮಿನ ಶಾರ್ಟ್‌ಸ್ಟಾಪ್. ಬ್ಯಾಟ್ ಬಿಟ್ಟು ಕಾಲು ಮಾತ್ರ ನೋಡಿ.

ಏನೇ ಆದ್ರೂ ಹೆದರಿ ನಾಲ್ಕು ಬಾಲ್ ಆಚೆ ಹಾಕಿ ಫಸ್ಟ್‌ಗೆ ಕಳಿಸ್ಬೇಡಿ, ಹೇಗೂ ಸ್ಟೀಲ್ ಮಾಡ್ತಾಳೆ, ಅವ್ಳಿಗೆ ವಾಕ್ ಕೊಡೋದೂ ಡಬಲ್ (ಸೆಕೆಂಡ್ ಬೇಸ್ ತನಕದ ಹಿಟ್) ಕೊಡೋದೂ ಒಂದೇ. ಶಾರ್ಟ್‌ಸ್ಟಾಪ್‌ನ ಒಂದೆರಡು ಹೆಜ್ಜೆ ಮುಂದೆ ಕರೀರಿ, ಫಸ್ಟ್ ಬೇಸ್‌ನೋಳು ಮುಂದೆ ಬಂದಾಗ ಸೆಕೆಂಡ್ ಬೇಸ್‌ನೋಳು ಫಸ್ಟ್ ಕವರ್ ಮಾಡ್ಲಿ, ಲೆಫ್ಟ್ ಫೀಲ್ಡರೂ ಹತ್ರ ಬರ್ಲಿ. ಇದನ್ನ ಪ್ರಾಕ್ಟೀಸಲ್ಲಿ ಮಾಡಿರ್ಬೇಕು, ಮ್ಯಾಚಲ್ಲಿ ಕೂಗಿ ಹೇಳಿದ್ರೆ ಇಬ್ರೂ ಬಾಲಿಗೇ ಓಡ್ತಾರೆ, ಬೇಸ್ ಖಾಲಿ.

ಇನ್ನೊಂದು, ನಮ್ಮ ಗ್ರೌಂಡ್‌ಗಳಲ್ಲಿ ಎರಡನೇ ಇನ್ನಿಂಗ್ಸ್ ಅಷ್ಟೊತ್ತಿಗೆ ಬಾಕ್ಸಿನ ಸುಣ್ಣದ ಗೆರೆ ಅಳಿಸಿ ಹೋಗಿರತ್ತೆ. ಬಾಲ್ ಮುಟ್ಟೋವಾಗ ಅವ್ಳ ಪಾದ ಪೂರ್ತಿ ಗೆರೆ ಆಚೆ ನೆಲದ ಮೇಲಿದ್ರೆ, ಇಲ್ಲಾ ಹೋಮ್ ಪ್ಲೇಟ್ ತುಳಿದಿದ್ರೆ, ಔಟ್. ಗೆರೆನೇ ಇಲ್ದಿದ್ರೆ ಅಂಪೈರ್ ಏನ್ ಕೊಡ್ತಾರೆ? ಅವ್ಳು ಬ್ಯಾಟಿಂಗ್‌ಗೆ ಬರೋಕೆ ಮುಂಚೆನೇ ಕೋಚ್ ಹತ್ರ ಹೇಳಿಸಿ ಗೆರೆ ಮತ್ತೆ ಹಾಕಿಸ್ಕೊಳ್ಳಿ.