ಡಿಸೆಂಬರಿನಲ್ಲಿ ಸರಿಯಿದ್ದ ಓವರ್‌ಕ್ಲಾಕ್ ಏಪ್ರಿಲಿನಲ್ಲಿ ಕೈಕೊಡುವುದೇಕೆ?

ಕಂಪ್ಯೂಟರ್ ಪ್ರಶ್ನೋತ್ತರ: ಕೊಡಗಿನ ಓದುಗರಿಂದ

ಪ್ರಶ್ನೆ: ನನ್ನದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್ (ಮೇಲೆ 3200 ಎಂದಿದೆ), ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 550 ವಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ). ಕೂಲರ್ ಪ್ರೊಸೆಸರ್ ಜೊತೆ ಬಂದದ್ದೇ. ಡಿಸೆಂಬರಿನಲ್ಲಿ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗ ಮೀರಿಸಿ, ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ (ಕೆಲಸ ಮಾಡುವ ಘಟಕಗಳು) 1.35 ವೋಲ್ಟ್‌ನಲ್ಲಿ 4.3 ಗಿಗಾಹರ್ಟ್ಸ್‌ಗೆ, ರ್‍ಯಾಮನ್ನು 3600ಕ್ಕೆ ಏರಿಸಿದೆ. ಆಗ ತೊಂದರೆ ಇರಲಿಲ್ಲ. ಈಗ ಗೇಮ್ ಆಡಿದ ಅರ್ಧ ಗಂಟೆಯಲ್ಲಿ ನೀಲಿ ಪರದೆ ಬರುತ್ತದೆ. ಕೆಲವು ಸಲ ಏನೂ ತೋರಿಸದೆ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿದರೂ ಅದೇ ಕಥೆ. ಏನು ಮಾಡಲಿ ಸರ್?
– ಓದುಗರು, ಗೋಣಿಕೊಪ್ಪ

ಉತ್ತರ: ನೀಲಿ ಪರದೆಯನ್ನೂ ಸದ್ದಿಲ್ಲದ ರೀಸ್ಟಾರ್ಟನ್ನೂ ಒಂದೇ ತೊಂದರೆ ಎಂದುಕೊಳ್ಳಬೇಡಿ. ನೀಲಿ ಪರದೆ ಬಂದರೆ ತಪ್ಪಾಗಿದೆ ಎಂದು ಗುರುತಿಸಲು ವಿಂಡೋಸ್‌ಗೆ ಸಮಯ ಸಿಕ್ಕಿದೆ ಎಂದರ್ಥ. ಅದು ಹೆಚ್ಚಾಗಿ ರ್‍ಯಾಮ್, ಪ್ರೊಸೆಸರ್ ಅಥವಾ ಡ್ರೈವರ್ ಕಡೆ ಬೆರಳು ತೋರಿಸುತ್ತದೆ. ಏನೂ ಬರೆಯದೆ ತಟ್ಟನೆ ಆರಿ ಮತ್ತೆ ಹೊತ್ತಿಕೊಂಡರೆ ಮೊದಲ ಅನುಮಾನ ಕರೆಂಟಿನ ದಾರಿಯ ಮೇಲೆ, ಅಂದರೆ ಎಸ್‌ಎಂಪಿಎಸ್, ಯುಪಿಎಸ್, ಮನೆಯ ವೈರಿಂಗ್. ನಿಮ್ಮಲ್ಲಿ ಎರಡೂ ಇರಬಹುದು.

ಮೊದಲು ಬಯೋಸ್ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆದು ಈಗಿರುವ ಎಲ್ಲ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ‘ಲೋಡ್ ಆಪ್ಟಿಮೈಸ್ಡ್ ಡೀಫಾಲ್ಟ್ಸ್’ (ಕಂಪನಿಯ ಮೂಲ ಸೆಟ್ಟಿಂಗ್) ಕೊಟ್ಟು ಸೇವ್ ಮಾಡಿ. ರ್‍ಯಾಮ್ 2133 ಅಥವಾ 2400ಕ್ಕೆ ಇಳಿಯುತ್ತದೆ, ಇಳಿಯಲಿ. ಗ್ರಾಫಿಕ್ಸ್ ಕಾರ್ಡ್‌ಗೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಏನಾದರೂ ಏರಿಸಿದ್ದರೆ ಅದನ್ನೂ ಸೊನ್ನೆಗೆ ತನ್ನಿ. ಹೀಗೆ ಎರಡು ಮೂರು ದಿನ ಅದೇ ಗೇಮ್ ಆಡಿ ನೋಡಿ. ಆಗಲೂ ಬಿದ್ದರೆ ದೋಷ ಬಹುಶಃ ಓವರ್‌ಕ್ಲಾಕಿನದ್ದಲ್ಲ. ಈ ಹೆಜ್ಜೆಯನ್ನು ಹಾರಿ ವೋಲ್ಟೇಜ್ ತಿರುಗಿಸುತ್ತಾ ಕೂತವರು ವಾರಗಟ್ಟಲೆ ಹುಡುಕಾಡಬೇಕಾಗುತ್ತದೆ.

ಮಧ್ಯೆ ಸಾಕ್ಷ್ಯ ಕೂಡಿಸಿ. ಸಿಸ್ಟಮ್ ಪ್ರಾಪರ್ಟೀಸ್‌ನ ‘ಸ್ಟಾರ್ಟಪ್ ಆಂಡ್ ರಿಕವರಿ’ಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಟಿಕ್ ತೆಗೆದರೆ ನೀಲಿ ಪರದೆ ಓದಲು ಸಿಗುತ್ತದೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದೋ, ಪ್ರತಿ ಸಲ ಬೇರೆ ಬೇರೆ ಹೆಸರೋ ಬಂದರೆ ರ್‍ಯಾಮ್ ಮೇಲೆ ಅನುಮಾನ. ‘ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್’ ಅಥವಾ ‘ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಬಂದರೆ ಸಾಮಾನ್ಯವಾಗಿ ಪ್ರೊಸೆಸರ್‌ಗೆ ಆ ವೇಗಕ್ಕೆ ವೋಲ್ಟೇಜ್ ಸಾಲುತ್ತಿಲ್ಲ. ವಿಂಡೋಸ್‌ನ ಘಟನೆಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಕಂಡರೆ ಅದನ್ನೇ ಕಾರಣ ಎಂದುಕೊಳ್ಳಬೇಡಿ. ಯಂತ್ರ ಕ್ರಮವಾಗಿ ಆಫ್ ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ.

ಈಗ ಡಿಸೆಂಬರ್–ಏಪ್ರಿಲ್ ವಿಷಯ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಸುಮಾರು ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಬಿಸಿಯಾದ ಚಿಪ್‌ನಲ್ಲಿ ಸೋರಿಕೆ ಕರೆಂಟು ಹೆಚ್ಚಿ ಶಾಖ ಇನ್ನೂ ಏರುತ್ತದೆ, ಅದೇ ವೇಗ ಹಿಡಿದಿಡಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಚಳಿಯಲ್ಲಿ ಅಂಚಿನಲ್ಲಿ ನಿಂತಿದ್ದ ಸೆಟ್ಟಿಂಗ್ ಕಾಫಿ ಗಿಡದ ಹೂಮಳೆ ಮುಗಿದ ಮೇಲಿನ ಸೆಕೆಯಲ್ಲಿ ಬೀಳುವುದು ಇದರಿಂದಲೇ. ರೈಜನ್ 5 3600 ಪ್ರೊಸೆಸರ್‌ನ ಗರಿಷ್ಠ ಉಷ್ಣತೆ 95 ಡಿಗ್ರಿ. ಅದರ ಜೊತೆ ಬರುವ ಪುಟ್ಟ ಕೂಲರ್ ಇರುವುದು 65 ವಾಟ್‌ನ ಲೆಕ್ಕಕ್ಕೆ, 1.35 ವೋಲ್ಟ್‌ನಲ್ಲಿ ಆರು ಕೋರ್‌ಗಳನ್ನು 4.3ರಲ್ಲಿ ಓಡಿಸಲು ಅದು ಸಾಲದು. ಎಚ್‌ಡಬ್ಲ್ಯುಇನ್‌ಫೋ ತಂತ್ರಾಂಶದಲ್ಲಿ ಉಷ್ಣತೆಯನ್ನೂ ‘ಎಸ್‌ವಿಐ2 ಟಿಎಫ್‌ಎನ್’ ಎಂಬ ಸಾಲಿನ ಕೋರ್ ವೋಲ್ಟೇಜನ್ನೂ ಲೋಡ್ (ಕೆಲಸದ ಹೊರೆ) ಇದ್ದಾಗಲೇ ನೋಡಿ. ಬಯೋಸ್‌ನಲ್ಲಿ 1.35 ಕೊಟ್ಟರೂ ಲೋಡ್ ಬಿದ್ದಾಗ ಅದು ಕುಸಿಯುತ್ತದೆ. ಕುಸಿತ ತಡೆಯಲು ಬಯೋಸ್‌ನಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಶನ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಮಧ್ಯದ ಹಂತದಲ್ಲಿಡಿ; ತುದಿಗೆ ಏರಿಸಿದರೆ ಲೋಡ್ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

ಕೂಲರ್ ಬಿಚ್ಚಿ ಧೂಳು ತೆಗೆದು, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಶಾಖ ದಾಟಿಸುವ ಪೇಸ್ಟ್ ಬದಲಿಸಿ. ಬಿಚ್ಚುವ ಮುನ್ನ ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ. ನಂತರ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಎತ್ತಿ. ಒಣಗಿದ ಪೇಸ್ಟಿನ ಮೇಲೆ ನೇರ ಎಳೆದರೆ ಈ ಸಾಕೆಟ್‌ನಿಂದ ಪ್ರೊಸೆಸರೇ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ. ಹೊಸ ಪೇಸ್ಟ್ ಒಂದು ಕಾಳುಮೆಣಸಿನಷ್ಟು ಸಾಕು.

ರ್‍ಯಾಮ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. 3200 ಎಂದು ಮಾರಿದ ರ್‍ಯಾಮ್ 3600ರಲ್ಲಿ ಓಡಬೇಕೆಂಬ ಖಾತ್ರಿ ಯಾರೂ ಕೊಟ್ಟಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಪಾಸ್ (ಸುತ್ತು) ಪೂರ್ತಿ ಓಡಿಸಿ. ರಾತ್ರಿ ಬಿಟ್ಟು ಮಲಗಬಹುದು. ಒಂದೇ ಒಂದು ತಪ್ಪು ಬಂದರೂ ಆ ಸೆಟ್ಟಿಂಗ್ ಬಿಡಿ. ಇಂಥ ರ್‍ಯಾಮ್‌ನ ಮೇಲೆ ವಿಂಡೋಸ್ ಹಾಕಿಸಿದರೆ ಫೈಲುಗಳೇ ಕೆಟ್ಟು ಬರೆಯಲ್ಪಡುತ್ತವೆ, ಮರುಸ್ಥಾಪನೆಯಿಂದ ಗುಣವಾಗದಿರುವುದಕ್ಕೆ ಇದೂ ಕಾರಣವಿರಬಹುದು. ಮನೆಯ ಫೋಟೋ, ತೋಟದ ಲೆಕ್ಕ ಎಲ್ಲಾ ಇದೇ ಡಿಸ್ಕಿನಲ್ಲಿದ್ದರೆ ಈಗಲೇ ಬೇರೆಡೆ ನಕಲು ಮಾಡಿಕೊಳ್ಳಿ. ರ್‍ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿರಲಿ; ಎಕ್ಸ್‌ಎಂಪಿ (ಮೇಲೆ ಬರೆದ ವೇಗಕ್ಕೆ ಹೊಂದಿಸುವ ಬಯೋಸ್ ಆಯ್ಕೆ) ಹಾಕಿ 1.35 ವೋಲ್ಟ್‌ನಲ್ಲಿ 3200ಕ್ಕೇ ನಿಲ್ಲಿಸಿ.

ಎಲ್ಲ ಸರಿಯಾದ ಮೇಲೆ ಮತ್ತೆ ಏರಿಸುವ ಆಸೆಯಿದ್ದರೆ ಮೊದಲು ರ್‍ಯಾಮ್ ಮಾತ್ರ, ಅದು ಪರೀಕ್ಷೆ ಪಾಸಾದ ಮೇಲೆ ಪ್ರೊಸೆಸರ್. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರೊಸೆಸರ್‌ಗೆ 25 ಮೆಗಾಹರ್ಟ್ಸ್‌ನ ಹೆಜ್ಜೆ. ಪ್ರತಿ ಹೆಜ್ಜೆಗೂ ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕುವ ಒಸಿಸಿಟಿ ಅಥವಾ ಸಿನೆಬೆಂಚ್ ತಂತ್ರಾಂಶ ಅರ್ಧ ಗಂಟೆ ಓಡಿಸಿ, ಮಧ್ಯಾಹ್ನದ ಸೆಕೆಯಲ್ಲೇ. ಆದರೆ ನಮ್ಮ ಅಭಿಪ್ರಾಯ ಕೇಳಿದರೆ, ಈ ಪ್ರೊಸೆಸರ್ ತಾನಾಗಿಯೇ 4.2ರವರೆಗೆ ಏರುತ್ತದೆ. 4.3ಕ್ಕೆ ಕಟ್ಟಿಹಾಕಿದರೆ ಗೇಮಿನಲ್ಲಿ ಕಾಣುವ ಲಾಭ ತೀರಾ ಕಡಿಮೆ. ಅದನ್ನು ಆಟೋದಲ್ಲಿ ಬಿಟ್ಟು ಆ ಶ್ರಮವನ್ನೂ ಹಣವನ್ನೂ ಒಳ್ಳೆಯ ಕೂಲರ್ ಮೇಲೆ ಹಾಕಿ.

ಸದ್ದಿಲ್ಲದ ರೀಸ್ಟಾರ್ಟ್‌ಗೆ ಬಂದರೆ, ಸಂಜೆ ದೀಪಗಳು ಮಂಕಾಗುವ ಹೊತ್ತಿಗೇ ಆಗುತ್ತದೆಯೇ ಗಮನಿಸಿ. ಲೈನಿನ ತುದಿಯಲ್ಲಿರುವ ತೋಟದ ಮನೆಗಳಲ್ಲಿ 230 ವೋಲ್ಟ್ ಬಹಳ ಕೆಳಗಿಳಿಯಬಹುದು. ಯುಪಿಎಸ್ 600 ವಿಎ ಇದ್ದರೆ ಅದು ಕೊಡುವುದು ಸಾಮಾನ್ಯವಾಗಿ 360 ವಾಟ್ ಮಾತ್ರ, ಬ್ಯಾಟರಿ ಹಳತಾದರೆ ಗೇಮಿನ ಲೋಡಿಗೆ ಕ್ಷಣವೂ ತಡೆಯದು. ಮನೆಯ ಇನ್ವರ್ಟರ್ ಮೇಲೆ ಓಡಿಸುತ್ತಿದ್ದರೆ ಹಿಂಭಾಗದ ಸ್ವಿಚ್ಚು ‘ಯುಪಿಎಸ್’ ಕಡೆ ಇದೆಯೇ ನೋಡಿ. ‘ನಾರ್ಮಲ್’ ಅಥವಾ ‘ಇಕೋ’ದಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆರಿಹೋಗಬಹುದು. ಮಲ್ಟಿಮೀಟರ್ ಬಳಸಲು ಬಂದರೆ ಲೋಡ್ ಇದ್ದಾಗ ಎಸ್‌ಎಂಪಿಎಸ್‌ನ ಹಳದಿ–ಕಪ್ಪು ವೈರ್ ನಡುವೆ ಅಳೆಯಿರಿ: 11.4ರಿಂದ 12.6 ವೋಲ್ಟ್ ಒಳಗಿರಬೇಕು.

ಪ್ರಶ್ನೆ: ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದರೆ ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಡಿಸ್‌ಪ್ಲೇ ಬರುವುದಿಲ್ಲ. ಎರಡು ಮೂರು ಸಲ ಆಫ್–ಆನ್ ಮಾಡಿದರೆ ಬರುತ್ತದೆ, ಆಮೇಲೆ ಇಡೀ ದಿನ ಸರಿ. ಎಕ್ಸ್‌ಎಂಪಿ ಆನ್ ಇದೆ.
– ಓದುಗರು, ಮಡಿಕೇರಿ

ಉತ್ತರ: ಇದು ತಣ್ಣಗಿನ ಆರಂಭದ ತೊಂದರೆ. ಪ್ರತಿ ಸಲ ಆನ್ ಆಗುವಾಗ ಬೋರ್ಡು ರ್‍ಯಾಮ್ ಜೊತೆ ಸಿಗ್ನಲ್ ಸಮಯ ಹೊಂದಿಸಿಕೊಳ್ಳುತ್ತದೆ. ಅಂಚಿನ ಸೆಟ್ಟಿಂಗ್ ಆದರೆ ಚಳಿಯಲ್ಲಿ ಆ ಹೊಂದಾಣಿಕೆ ತಪ್ಪುತ್ತದೆ. ರ್‍ಯಾಮ್ ವೇಗವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಅದಕ್ಕೂ ಮುಂಚೆ ರ್‍ಯಾಮ್ ಕಡ್ಡಿ ತೆಗೆದು ಚಿನ್ನದ ಬಣ್ಣದ ಅಂಚನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಡಿ, ಪುಡಿ ಸ್ಲಾಟಿಗೆ ಬೀಳುತ್ತದೆ. ಗಡಿಯಾರದ ಸಮಯವೂ ತಪ್ಪುತ್ತಿದ್ದರೆ ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ. ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಆಫ್ ಇಡಬೇಡಿ. ದಿನಕ್ಕೊಂದು ಗಂಟೆ ಓಡಿದರೂ ಅದರ ಬಿಸಿಗೆ ಒಳಗಿನ ತೇವ ಆರುತ್ತದೆ.

ಪ್ರಶ್ನೆ: ಗುಡುಗು ಬಂದಾಗ ಸ್ವಿಚ್ ಆಫ್ ಮಾಡಿದರೆ ಸಾಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಸಾಲದು. ಪ್ಲಗ್ ಕಿತ್ತಿಡಿ. ಜೊತೆಗೆ ರೂಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡಿ. ಫೈಬರ್ ಎಳೆ ಸಿಡಿಲಿನ ಕರೆಂಟು ತರುವುದಿಲ್ಲ ನಿಜ, ಆದರೆ ರೂಟರ್ ಅಡಾಪ್ಟರ್ ಮೂಲಕ ಬಂದದ್ದು ಲ್ಯಾನ್ ಪೋರ್ಟಿಗೆ ಹೊಡೆಯುತ್ತದೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಅರೆಬರೆ ಕೆಲಸ ಮಾಡುತ್ತದೆ, ಆದ್ದರಿಂದ ಎಲೆಕ್ಟ್ರಿಶಿಯನ್ ಕೈಯಲ್ಲಿ ಅರ್ತ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು ಮೂರು ವೋಲ್ಟ್ ಮೀರಿದರೆ ಅರ್ತ್ ಗುಂಡಿಯನ್ನೂ ವೈರಿಂಗನ್ನೂ ಪರೀಕ್ಷಿಸಬೇಕು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಇಂಟೆಲ್ ಕೋರ್ ಐ7 13700ಕೆ ಪ್ರೊಸೆಸರ್ ಸಿಗುತ್ತಿದೆ. ತಗೊಂಡು ಓವರ್‌ಕ್ಲಾಕ್ ಮಾಡಬಹುದೇ?
– ಓದುಗರು, ಕುಶಾಲನಗರ

ಉತ್ತರ: ಹುಷಾರಾಗಿರಿ. ಇದು 13ನೇ ತಲೆಮಾರಿನದು. 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅತಿ ವೋಲ್ಟೇಜ್‌ನಿಂದ ಚಿಪ್ ಸವೆದು ಅಸ್ಥಿರವಾಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ (ಚಿಪ್‌ನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಸವೆತ ತಡೆಯಲು ಮಾತ್ರ. ಈಗಾಗಲೇ ಸವೆದದ್ದು ವಾಪಸು ಬರುವುದಿಲ್ಲ. ಬಿಲ್ ಇಲ್ಲದಿದ್ದರೆ ಬಿಡಿ. ಬಿಲ್ ಇದ್ದರೆ ಬಯೋಸನ್ನು 2024ರ ಸೆಪ್ಟೆಂಬರಿನ 12ಬಿ ಮೈಕ್ರೋಕೋಡ್ ಅಥವಾ ಅದರ ನಂತರದ್ದಕ್ಕೆ ಏರಿಸಿ, ಮಾರುವವರ ಎದುರೇ ದೊಡ್ಡದೊಂದು ಜಿಪ್ ಫೈಲನ್ನು ಮತ್ತೆ ಮತ್ತೆ ಬಿಚ್ಚಿ, ಗ್ರಾಫಿಕ್ಸ್ ಡ್ರೈವರ್ ಹಾಕಿ ನೋಡಿ. ಸಿಆರ್‌ಸಿ ತಪ್ಪು (ಫೈಲ್ ಸರಿಯಾಗಿ ಬಿಚ್ಚಿಲ್ಲ ಎಂಬ ಸೂಚನೆ) ಬಂದರೆ, ಸಾಕಷ್ಟು ಗ್ರಾಫಿಕ್ಸ್ ಮೆಮೊರಿ ಇದ್ದೂ ಗೇಮ್ ‘ಔಟ್ ಆಫ್ ವಿಡಿಯೋ ಮೆಮೊರಿ’ ಎಂದರೆ ಕೊಳ್ಳಬೇಡಿ. ಎಲ್ಲ ಪಾಸಾದರೂ ಅದನ್ನು ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್‌ನಲ್ಲೇ ಓಡಿಸಿ. ಅದಕ್ಕೆ ವೋಲ್ಟೇಜ್ ಏರಿಸುವ ಓವರ್‌ಕ್ಲಾಕ್ ಬೇಡ.